ಹಳೇ ಪೇಟೆಯ ಕಲ್ಲು ಜಗಲಿ

ಶಿರಾದ ಹಳೇ ಪೇಟೆಯಲ್ಲಿ ಒಂದು ಅಂಗಡಿ ಕೊಂಡೆವು, ಹೆಂಡತಿ ಜೆರಾಕ್ಸ್ ಇಡುತ್ತೇನೆ ಅಂದಿದ್ದಳು. ಮರದ ತೊಲೆಗಳ ಮೇಲೆ ಕೂತ ಮದ್ರಾಸ್ ತಾರಸಿ, ಒಂದೊಂದಾಗಿ ತೆಗೆದು ಜೋಡಿಸುವ ಹಲಗೆ ಬಾಗಿಲು, ಮುಂದೆ ಸೊಂಟದೆತ್ತರದ ಕಲ್ಲಿನ ಜಗಲಿ, ಅದಕ್ಕೆ ಪಕ್ಕದಲ್ಲಿ ಮೆಟ್ಟಿಲು. ಜಗಲಿ ಒಡೆದು ಶಟರ್ ಹಾಕಿಸಿದರೆ ಗಿರಾಕಿಗಳು ಸೀದಾ ಒಳಗೆ ಬರುತ್ತಾರೆ ಅಂತ ಅವಳ ವಾದ. ನಾನೂ ಹೂಂ ಅಂದು ಮೇಸ್ತ್ರಿಗೆ ಹೇಳಿಬಿಟ್ಟಿದ್ದೆ.

ಅಷ್ಟರಲ್ಲಿ ನಾನು ಕೆಲಸ ಮಾಡುವ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಬಂದು ತಕರಾರು ತೆಗೆದರು. ಹಳೆಯದು ಕಂಡರೆ ಅವರಿಗೆ ಊಟವೂ ಬೇಡ.

"ಇದು ಪರಂಪರೆ ಸಾರ್, ಮುಟ್ಬೇಡಿ. ಸಂತೆಗೆ ಬಂದ ಊರೋರೆಲ್ಲ ಇಲ್ಲೇ ಕೂತು ಎಲೆ ಅಡಿಕೆ ಹಾಕ್ಕೊಂಡು ಮಾತಾಡ್ತಿದ್ರು."

ಊರೋರೆಲ್ಲ ಅನ್ನುವುದು ಚುಚ್ಚಿತು. ನಮ್ಮವ್ವ ಇದೇ ಜಗಲಿಯ ಕೆಳಗೆ ಬಿಸಿಲಲ್ಲಿ ನಿಂತು ಉಪ್ಪು, ಮೆಣಸಿನಕಾಯಿ ಕೊಂಡವಳು. ಗೌಡಗೆರೆ ಕಡೆಯ ನಮ್ಮ ಕೇರಿಯವರು ಇದನ್ನು ಹತ್ತುವಂತಿರಲಿಲ್ಲ. ಅವ್ವ ಸೆರಗು ಒಡ್ಡಬೇಕು, ಅಂಗಡಿಯವರು ಮೇಲಿನಿಂದ ಸುರಿಯಬೇಕು. ಯಾರೋ ಹೇಳಿದ ಕತೆಯಲ್ಲ, ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಹಾಗಿದ್ದೂ ಆ ತಣ್ಣನೆಯ ಕಲ್ಲು, ಸವೆದು ನುಣುಪಾದ ಹಲಗೆ ನನಗೆ ಇಷ್ಟವಾಗಿದ್ದವು. ಯಾಕೆ ಇಷ್ಟವಾಗಬೇಕು ಅಂತ ನನ್ನ ಮೇಲೇ ಸಿಟ್ಟು. ಒಡೆದರೆ ಅವಮಾನದ ಗುರುತು ಹೋಗುತ್ತದೆ ಸರಿ, ಅದಕ್ಕಿದ್ದ ಸಾಕ್ಷಿಯೂ ಹೋಗುತ್ತದಲ್ಲ! ತಲೆ ಮೊಸರುಗಡಿಗೆಯಾಯಿತು. ಅವ್ವನನ್ನೇ ಕೇಳೋಣ ಅಂತ ಭಾನುವಾರ ಬಸ್ಸಿನಲ್ಲಿ ಕರೆತಂದೆ. ಯಾವ ಅಂಗಡಿ ಅಂತ ಮೊದಲೇ ಹೇಳಿದ್ದೆ.

ಕೈ ಹಿಡಿಯಲು ಹೋದರೆ ಬೇಡವೆಂದಳು. ತಾನೇ ಮೆಟ್ಟಿಲು ಹತ್ತಿ, ಜಗಲಿಯ ನಟ್ಟನಡುವೆ ಕಾಲು ಚಾಚಿ ಕೂತಳು. ಬೀದಿಯನ್ನು ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದಳು.

"ಒಡೀಬ್ಯಾಡ ಕಣ್ಲಾ. ಕಲ್ಲೇನ್ ಮಾಡ್ತು ಪಾಪ. ಇದು ಇದ್ರೆ ತಾನೆ ನಾನು ಹತ್ತಿ ಕುಂತಿದ್ದು ನಾಕ್ ಜನುಕ್ಕೆ ಕಾಣಾದು?"

ಎದೆ ಹಗುರಾಯಿತು. ಇನ್ನು ಹೆಂಡತಿಯನ್ನು ಹೇಗಾದರೂ ಒಪ್ಪಿಸಿದರಾಯಿತು ಅಂದುಕೊಂಡೆ.

ಹೊರಡುವಾಗ ಅವ್ವ ಮೊದಲು ಇಳಿದು ಬೀದಿಯಲ್ಲಿ ನಿಂತಳು. ನಾನು ಹಲಗೆ ಜೋಡಿಸಿ ಬೀಗ ಹಾಕಿದೆ. ದಾರಿಗಿರಲಿ ಅಂತ ತಂದಿದ್ದ ಹುರಿದ ಕಡ್ಲೇಕಾಯಿ ಪೊಟ್ಟಣವನ್ನು ಜಗಲಿಯ ಮೇಲಿಂದಲೇ ಚಾಚಿ, "ತಗೊಳವ್ವ" ಅಂದೆ.

ಅವ್ವ ಕೈ ನೀಡಲಿಲ್ಲ. ಒಂಚೂರು ಬಾಗಿ ಸೆರಗು ಒಡ್ಡಿದಳು.

ಅವಳಿಗದು ಗೊತ್ತೇ ಆಗಲಿಲ್ಲ. ಜಗಲಿ ಹತ್ತಿದ ಖುಷಿ ಮುಖದಲ್ಲಿ ಹಾಗೇ ಇತ್ತು. ನಾನು ಮೆಟ್ಟಿಲನ್ನೂ ನೋಡದೆ ಕೆಳಕ್ಕೆ ಧುಮುಕಿ, ಸೆರಗು ಹಿಡಿದ ಅವಳ ಕೈ ಬಿಡಿಸಿ ಅಂಗೈಯಲ್ಲಿ ಪೊಟ್ಟಣ ಇಟ್ಟೆ.

"ಯಾಕ್ಲಾ ಅಂಗೆ ಎಗರ್ತೀಯ? ಕಾಲ್ಗೀಲ್ ಮುರ್ಕಂಡೀಯ!" ಅಂತ ಬೈದಳು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಹಾರೆ ಹಿಡಿದು ಬಂದ. "ಏನ್ ಸಾರ್, ಒಡೀಲೋ ಬುಡ್ಲೋ?"

ಅವ್ವ ಒಡೆಯಬೇಡ ಅಂದಿದ್ದಾಳೆ. ಅವಳ ಸೆರಗು ಏನು ಹೇಳಿತೋ ತಿಳಿಯದು. ಟೀ ಕುಡಿದು ಬಾರಪ್ಪ ಅಂತ ಅವನನ್ನು ಕಳಿಸಿದೆ. ಜಗಲಿಯ ಮೇಲೆ ಕೂರಲು ಮನಸ್ಸಾಗಲಿಲ್ಲ, ಕೆಳಗೆ ಅವ್ವ ನಿಂತ ಜಾಗದಲ್ಲಿ ನಿಲ್ಲಲೂ ಆಗಲಿಲ್ಲ. ಅವನು ಬರುವವರೆಗೂ ಮೆಟ್ಟಿಲ ಮೇಲೆ ನಿಂತೇ ಇದ್ದೆ.