ಕಾವಲು ಗೋಪುರದ ಕನ್ನಡಿ

ಅಣ್ಣ ಗುಡ್ಡದ ಮೇಲಿಂದ ಕರೆದಾಗ ನಾನು ಹೋಗಲಿಲ್ಲ. ಇದನ್ನು ಹದಿನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ ಹೋದ ವರ್ಷ ಕಂಡ ಒಂದು ಸಂಗತಿ. ಸತ್ತವರು ಕಾಣಿಸಿಕೊಂಡರು, ಕರೆದರು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅಂಥದ್ದನ್ನು ನಂಬುವಷ್ಟು ದಡ್ಡಿಯಲ್ಲ ಎಂದುಕೊಂಡಿದ್ದೆ.

ನಮ್ಮ ಊರು ಶಿಡ್ಲಘಟ್ಟದ ಹತ್ತಿರ. ಊರ ಹಿಂದಿನ ಗುಡ್ಡದ ತುದಿಯಲ್ಲಿ ಒಂದು ಕಲ್ಲಿನ ಗೋಪುರವಿದೆ. ಪಾಳೆಯಗಾರರ ಕಾಲದಲ್ಲಿ ದಂಡು ಬರುವುದನ್ನು ನೋಡಲು ಕಟ್ಟಿದ್ದಂತೆ. ಆಮೇಲೆ ಭೂಮಿ ಅಳೆಯುವವರು ಅದರ ಮೇಲೆ ಬಾವುಟ ನೆಟ್ಟಿದ್ದರಂತೆ. ಕೊನೆಗೆ ಅರಣ್ಯ ಇಲಾಖೆಯವರು ತಗಡು ಹೊದಿಸಿ, ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾಯಲು ಆಳು ಇಟ್ಟರು. ಇದೆಲ್ಲ ಅಣ್ಣ ಹೇಳಿದ್ದು. ಆರು ಬೇಸಿಗೆ ಅಲ್ಲಿ ಕಾವಲಿದ್ದವನು ಅವನೇ.

ಮನೆಯಲ್ಲಿ ಆಗಿನ್ನೂ ಫೋನ್ ಇರಲಿಲ್ಲ. ಅಣ್ಣ ಅಂಗೈ ಅಗಲದ ಕನ್ನಡಿಯನ್ನು ಬಿಸಿಲಿಗೆ ಹಿಡಿದು ನಮ್ಮ ಅಂಗಳಕ್ಕೆ ಬೆಳಕು ಬಿಡುತ್ತಿದ್ದ. ಒಂದು ಸಲ ಮಿಂಚಿದರೆ ಚೆನ್ನಾಗಿದ್ದೇನೆ ಎಂದು, ಮೂರು ಸಲ ಮಿಂಚಿದರೆ ಮೇಲೆ ಬನ್ನಿ ಎಂದು. ನಾನು ಸ್ಟೀಲ್ ತಟ್ಟೆ ತಿರುಗಿಸಿ ಉತ್ತರ ಕೊಡುತ್ತಿದ್ದೆ. ಒಮ್ಮೆ ಮೂರು ಸಲ ಮಿಂಚಿತೆಂದು ಏದುಸಿರು ಬಿಡುತ್ತ ಹತ್ತಿದರೆ, "ಎಲೆ ಅಡಿಕೆ ಮುಗಿದೋಯ್ತು ಕಣಮ್ಮ" ಎಂದು ನಕ್ಕ.

"ನಿನ್ ಬಾಯಿಗೆ ಬರೀ ಸುಣ್ಣ ಹಾಕ್ತೀನಿ ನೋಡು" ಎಂದು ಬೈದು ಇಳಿದಿದ್ದೆ.

ಅದಾದ ನಾಲ್ಕನೇ ದಿನ ಮಧ್ಯಾಹ್ನ ಮತ್ತೆ ಮೂರು ಸಲ ಮಿಂಚಿತು. ಅತ್ತಿಗೆ ಒಳಗೆ ಹುಳುಮನೆಯಲ್ಲಿದ್ದರು. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹಂತಕ್ಕೆ ಬಂದಿದ್ದವು, ಆ ಹೊತ್ತಿನಲ್ಲೇ ಆರಿಸಿ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡದಿದ್ದರೆ ಗೂಡು ಕೆಡುತ್ತದೆ. ಎಲೆ ಅಡಿಕೆಯೇ ಇರಬೇಕು ಎಂದುಕೊಂಡು ಗುಡ್ಡಕ್ಕೆ ಬೆನ್ನು ಮಾಡಿ ಹುಳು ಆರಿಸುತ್ತ ಕೂತೆ. ತಟ್ಟೆ ಕೂಡ ತೋರಿಸಲಿಲ್ಲ.

ಸಂಜೆ ಅವನು ಇಳಿದು ಬರದಿದ್ದಾಗ ಜನ ಹೋಗಿ ಹೊತ್ತು ತಂದರು. ಕಾಲಿಗೆ ಹಾವು ಕಚ್ಚಿತ್ತು. ಜೀವ ಹೋಗಿತ್ತು.

"ಕನ್ನಡಿ ಮಿಂಚಿದ್ದು ನೋಡಿದ್ಯೇನಮ್ಮ?" ಎಂದು ಅತ್ತಿಗೆ ಕೇಳಿದರು. ಇಲ್ಲ ಎಂದೆ.

"ಒಂದ್ಸಲ ಕರೀಬಾರ್ದಾಗಿತ್ತಾ ಈಯಪ್ಪ" ಎಂದು ಅವರು ಅವನನ್ನೇ ಬೈದು ಅತ್ತರು. ಆ ಮಾತನ್ನು ಆಮೇಲೂ ಎಷ್ಟೋ ಸಲ ಅವರ ಬಾಯಲ್ಲಿ ಕೇಳಿದೆ.

ಹೋದ ವರ್ಷ ಒಂದು ಮಧ್ಯಾಹ್ನ ಅಂಗಳದಲ್ಲಿ ಚಂದ್ರಿಕೆ ಒರಗಿಸುತ್ತಿದ್ದೆ. ಮೋಡ ಕವಿದು ಬಿಸಿಲೇ ಇರಲಿಲ್ಲ. ಗೋಪುರದಿಂದ ಮೂರು ಸಲ ಮಿಂಚಿತು. ಅಲ್ಲಿ ಕಾವಲು ನಿಂತುಹೋಗಿ ವರ್ಷಗಳಾಗಿದ್ದವು. ತಗಡು ಗಾಳಿಗೆ ಹಾರಿಹೋಗಿತ್ತು. ಅಣ್ಣನ ಕನ್ನಡಿ ಅತ್ತಿಗೆಯ ಟ್ರಂಕಿನಲ್ಲಿತ್ತು. ಹುಳುಗಳನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತಿದೆ.

ಮೇಲೆ ಯಾರೂ ಇರಲಿಲ್ಲ. ಗಾಜಿನ ಚೂರಿಗಾಗಿ ಕಲ್ಲುಗಳ ಸಂದಿಯಲ್ಲೆಲ್ಲ ಹುಡುಕಿದೆ. ಹೊಳೆಯುವಂಥದ್ದು ಏನೂ ಸಿಗಲಿಲ್ಲ. ಮಿಂಚಿದ್ದು ಏನು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಮಂಡಿ ನೋವಿನ ಅತ್ತಿಗೆ ಗೋಡೆ ಹಿಡಿದುಕೊಂಡು ಹತ್ತಿ ಬಂದಿದ್ದರು.

"ಮೂರು ಸಲ ಮಿಂಚ್ತು" ಎಂದರು. "ನೀನೂ ನೋಡಿದ್ಯೇನಮ್ಮ?"

"ನೋಡಿದೆ ಅತ್ತಿಗೆ. ಆವತ್ತೂ ನೋಡಿದ್ದೆ. ಅಣ್ಣ ಕರೆದಿದ್ದ, ನಾನೇ ಬರ್ಲಿಲ್ಲ. ನಿಮ್ ಹತ್ರ ಸುಳ್ಳು ಹೇಳ್ದೆ. ತಪ್ಪಾಯ್ತು ಅತ್ತಿಗೆ. ತಪ್ಪಾಯ್ತು ಅಣ್ಣ."