ತಟ್ಟೆಯ ತಳದ ಚುಕ್ಕಿ

ಸುಗುಣಾ ಅವರೇ, ಆ ತಟ್ಟೆಗಳಿಗೆ ಮೊದಲ ಚುಕ್ಕಿ ಇಟ್ಟವಳು ನಾನು. ಹದಿನೆಂಟು ವರ್ಷದಿಂದ ನೀವು ತಿಳಿಯಬೇಕೆಂದಿರುವ ಕೈ ಇದೇ — ಈಗಲೂ ಅವರೆಕಾಳಿನ ಸೊಗಡು ಹೋಗದ ಈ ಕೈ.

ಶನಿವಾರ ಮಧ್ಯಾಹ್ನ, ನೆನೆಹಾಕಿದ ಕಾಳು ಹಿತುಕುತ್ತಾ ಕೂತಿದ್ದೆ. ದೇವರು ಆ ದಿನ ಮಾಡಿದ ಉಪಕಾರಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ, ನನಗದು ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು, ಒಂದು. ಹಸು ಒದೆಯದೆ ಹಾಲು ಕೊಟ್ಟಿತು, ಎರಡು. ಅಷ್ಟರಲ್ಲಿ ಮಗಳು ಭವ್ಯ ಬಂಗಾರಪೇಟೆ ಕಾಲೇಜಿನಿಂದ ಬಂದಳು. ಚಪ್ಪಲಿ ಬಿಡುವ ಮೊದಲೇ ಮಾತು ಶುರು.

"ಅಮ್ಮಾ, ಇವತ್ತು ಒಬ್ರು ಲಾಯರ್ ಮೇಡಂ ಬಂದಿದ್ರು. ಸರ್ಕಾರಿ ಸ್ಕೂಲು, ಕಾಲೇಜಲ್ಲಿ ಜಾತಿ ನೋಡಿ ಮಕ್ಕಳನ್ನ ಬೇರೆ ಮಾಡಿದ್ರೆ ಏನ್ ಕಾನೂನದೆ, ನಮ್ ರಾಜ್ಯದಲ್ಲಿ ಇನ್ನೂ ಯಾವ್ದು ತರ್ಬೇಕಂತಿದಾರೆ, ಎಲ್ಲಾ ಏಳಿದ್ರು."

"ಕಾನೂನೇನ್ ಓಡೋಗಲ್ಲ. ಕೈ ತೊಳ್ಕೊಂಡ್ ಬಾ, ಇನ್ನೂ ಅರ್ಧ ಪಾತ್ರೆ ಕಾಳದೆ."

"ನಮ್ಮೂರ್ ಸ್ಕೂಲಲ್ಲೇ ಓದಿದ್ರಂತೆ ಕಣಮ್ಮ! ಸುಗುಣ ಅಂತ. ನಮ್ ಕಾಲೋನಿಯೋರೇ."

ಕಾಳು ನನ್ನ ಬೆರಳಿನಿಂದ ಚಿಮ್ಮಿ ಎಲ್ಲಿಗೋ ಹೋಯಿತು. ಅವಳು ನೀವು ಹೇಳಿದ್ದನ್ನೆಲ್ಲ ಒಪ್ಪಿಸಿದಳು. "ಆಗ್ಲೂ ಕಾನೂನಿತ್ತಂತೆ, ಸಾಕ್ಷಿ ಏಳೋರು ಇರ್ಲಿಲ್ವಂತೆ. ತಟ್ಟೆ ಕೆಳಗೆ ಮೊದಲ್ನೇ ಚುಕ್ಕಿ ಯಾರ್ ಇಟ್ರು ಅಂತ ಇವತ್ಗೂ ಗೊತ್ತಿಲ್ವಂತೆ. ಸಿಟ್ಟಿಲ್ಲ, ತಿಳ್ಕೋಬೇಕು ಅಷ್ಟೇ ಅಂದ್ರು. ನೀನು ಆಗ ಬಿಸಿಯೂಟ ನೋಡ್ಕೊಳ್ಳೋಕೆ ಓಗ್ತಿದ್ದೆ ಅಲ್ವಾ? ನಿಂಗೆ ಗೊತ್ತಾ?"

"ಇಲ್ಲ" ಅಂದೆ.

ನಿಮ್ಮ ವಿಷಯದಲ್ಲಿ ನಾನು ಆ ಮಾತು ಹೇಳಿದ್ದು ಅದು ಎರಡನೆಯ ಸಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಭವ್ಯ ನನ್ನ ಸೊಂಟದ ಮೇಲಿದ್ದ ಕೂಸು. ನಾನು ಶಾಲೆಯ ಬಿಸಿಯೂಟದ ಕಮಿಟಿಯಲ್ಲಿದ್ದೆ, ತಟ್ಟೆ ಕೊಟ್ಟು ಬಡಿಸುತ್ತಿದ್ದವಳು ನಾನೇ. ಯಾರೋ ಪುಣ್ಯಾತ್ಮರು ಶಾಲೆಗೆ ಸ್ಟೀಲ್ ತಟ್ಟೆ ಕೊಟ್ಟರು, ಎಲ್ಲ ಒಂದೇ ತರಹದವು. ನಮ್ಮ ಬೀದಿಯ ಹೆಂಗಸರಿಗೆ ಅದೇ ತಲೆನೋವು. "ಎಲ್ಲಾ ಒಂದೇ ತರ ಅವೆ. ಕಾಲೋನಿ ಮಕ್ಳು ತಿಂದಿದ್ ಯಾವ್ದು, ನಮ್ಮೋವು ತಿಂದಿದ್ ಯಾವ್ದು, ಎಂಗ್ ಗೊತ್ತಾಗ್ತದೆ?" ಬಣ್ಣ ಬಳಿಯೋಣ ಅಂದಳು ಒಬ್ಬಳು. ಬೇಡ, ಮಕ್ಕಳ ಮನಸ್ಸಿಗೆ ನೋವಾಗುತ್ತದೆ, ಅಂದವಳು ನಾನು — ಹೌದು, ನಾನೇ.

ಮದುವೆಮನೆಗೆ ಕೊಟ್ಟ ಪಾತ್ರೆ ಬೆರೆತುಹೋಗಬಾರದೆಂದು ತಳದಲ್ಲಿ ಮೊಳೆಯಿಂದ ಚುಕ್ಕಿ ಹೊಡೆಯುವುದು ನಮ್ಮಲ್ಲಿ ರೂಢಿ. ಹಾಗೆಯೇ ಕಾಲೋನಿ ಮಕ್ಕಳ ಲೆಕ್ಕಕ್ಕೆ ಹದಿನಾಲ್ಕು ತಟ್ಟೆಗೆ ಹೊಡೆದೆ. ಮೇಲಿನಿಂದ ಕಾಣುವುದಿಲ್ಲ. ಕೊಡುವಾಗ ತಳದಲ್ಲಿ ಬೆರಳಾಡಿಸಿದರೆ ಸಾಕು, ಯಾರಿಗೆ ಯಾವುದೆಂದು ನನಗೆ ತಿಳಿಯುತ್ತಿತ್ತು. ಯಾವ ಮಗುವಿಗೂ ನೋವಾಗಲಿಲ್ಲವೆಂದು ಅಂದು ದೇವರ ಮುಂದೆ ಅದನ್ನೂ ಉಪಕಾರವೆಂದು ಎಣಿಸಿದೆ.

ನನಗೊಂದು ಕುತೂಹಲ, ಇಂದಿಗೂ. ನೀವು ಹೇಗೆ ಕಂಡುಹಿಡಿದಿರಿ? ತಟ್ಟೆ ತೊಳೆಯುವಾಗ ಬೆರಳಿಗೆ ತಗುಲಿತೇ? ನಮ್ಮ ಬೀದಿಯ ಗೆಳತಿಯ ತಟ್ಟೆ ತೊಳೆದುಕೊಟ್ಟಾಗ ಅದರಲ್ಲಿ ಇಲ್ಲವೆಂದು ತಿಳಿಯಿತೇ? ಎಷ್ಟು ದಿನ ಸುಮ್ಮನೆ ನೋಡಿದಿರಿ? ಮೊಳೆ ಎಲ್ಲಿಯದು? ಹತ್ತು ವರ್ಷದ ಹುಡುಗಿಗೆ ಅದು ಹೇಗೆ ಹೊಳೆಯಿತು —

ಒಂದು ಮಧ್ಯಾಹ್ನ ತಟ್ಟೆಯ ಕೆಳಗೆ ಬೆರಳಾಡಿಸಿದೆ, ಚುಕ್ಕಿ. ಇನ್ನೊಂದು ತೆಗೆದೆ, ಅದಕ್ಕೂ ಚುಕ್ಕಿ. ಎಲ್ಲಕ್ಕೂ. ಒಂದನ್ನೂ ಬಿಟ್ಟಿರಲಿಲ್ಲ. ನೀವು ಸಾಲಿನಲ್ಲಿ ಮುಂದೆ ಬಂದು, ನನ್ನ ಮುಖವನ್ನೇ ನೋಡಿ ಕೇಳಿದಿರಿ:

"ಅಮ್ಮಾ, ಈಗ ನಂಗೆ ಯಾವ್ ತಟ್ಟೆ ಕೊಡ್ತೀರ?"

ನಕ್ಕುಬಿಡಬಹುದಿತ್ತು. ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಸೌಟು ಇಟ್ಟು ಹೆಡ್‌ಮಾಸ್ಟರ್ ಹತ್ತಿರ ಹೋದೆ. "ಆ ಉಡುಗಿ ಸ್ಕೂಲ್ ತಟ್ಟೆನೆಲ್ಲಾ ಆಳ್ ಮಾಡವ್ಳೆ ಸಾರ್" ಅಂದೆ. ನನ್ನ ಹದಿನಾಲ್ಕು ಚುಕ್ಕಿಯ ಮಾತು ಎತ್ತಲಿಲ್ಲ. ನಿಮ್ಮ ತಾಯಿಯನ್ನು ಕರೆಸಿ ಟಿ.ಸಿ. ಕೊಟ್ಟರು. "ಮಗು ಸಾಮಿ, ತಿಳೀದು. ಒಂದ್ ಸಲ ಬಿಟ್ಬುಡಿ" ಎಂದು ಅವರು ಜಗಲಿಯ ಕೆಳಗೆ ನಿಂತು ಕೇಳಿಕೊಳ್ಳುತ್ತಿದ್ದರು. ನನಗೆ ಕೇಳಿಸುತ್ತಿತ್ತು. ನಾನು ಅಕ್ಕಿ ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ. ಆ ವರ್ಷವೆಲ್ಲ ನೀವು ಯಾವ ಶಾಲೆಗೂ ಹೋಗಲಿಲ್ಲ, ಮುಂದಿನ ವರ್ಷ ರಾಬರ್ಟ್‌ಸನ್‌ಪೇಟೆಯ ಚಿಕ್ಕಮ್ಮನ ಮನೆಯಿಂದ ಮತ್ತೆ ಶುರುಮಾಡಿದಿರಿ ಎಂಬುದು ನನಗೆ ಭವ್ಯ ಹೇಳಿದಾಗಲೇ ತಿಳಿದದ್ದು. ನಾನು ವಿಚಾರಿಸಿಯೇ ಇರಲಿಲ್ಲ.

ನಿಮ್ಮ ತಾಯಿ ಅರ್ಜಿ ಕೊಟ್ಟಿದ್ದರಂತೆ, ಒಬ್ಬ ಅಧಿಕಾರಿ ಬಂದರು. ತಟ್ಟೆಗಳನ್ನು ಒಂದೊಂದಾಗಿ ಮಗುಚಿ ನೋಡಿದರು. ಎಲ್ಲಕ್ಕೂ ಚುಕ್ಕಿ ಇತ್ತು.

"ಏನಮ್ಮ ಇದು?"

"ಸ್ಕೂಲ್ ಗುರುತು ಸಾರ್."

"ಇಲ್ಲಿ ಭೇದ ಏನಾದ್ರೂ ಮಾಡ್ತಾರಾ?"

"ಇಲ್ಲ" ಅಂದೆ. ಅವರು ಬರೆದುಕೊಂಡು ಹೋದರು. ನೋಡಿ — ನನ್ನ ಚುಕ್ಕಿ ಸುಳ್ಳಾಗಲಿ ಎಂದು ನೀವು ಇಟ್ಟ ಚುಕ್ಕಿಗಳೇ ನನ್ನನ್ನು ಮರೆಮಾಡಿದವು. ಆ ಸಂಜೆ ದೀಪ ಹಚ್ಚಿ ಎಣಿಸಿದೆ: ಅಧಿಕಾರಿ ಹೆಚ್ಚು ಕೇಳಲಿಲ್ಲ, ಒಂದು.

ನಾನು ಹೊಡೆದಿಲ್ಲ, ಬೈದಿಲ್ಲ, ಎಲ್ಲರಿಗೂ ಅದೇ ಅನ್ನ, ಅದೇ ಸಾರು ಬಡಿಸಿದೆ. ಬೆರಳ ತುದಿಯಲ್ಲಿ ನಡೆದದ್ದನ್ನು ಕಾನೂನು ಹೇಗೆ ಹಿಡಿದೀತು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಹಿಡಿಯುತ್ತಿತ್ತು. ನಾನೊಬ್ಬಳು ಬಾಯಿ ಬಿಟ್ಟಿದ್ದರೆ ಅಂದೇ ಹಿಡಿಯುತ್ತಿತ್ತು.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ಅದನ್ನು ಕೇಳುವುದೂ ಇನ್ನೊಂದು ಉಪಕಾರ ಬೇಡಿದಂತೆ. ನೀವು ಯಾರ ಮುಂದೆ ಹೇಳು ಅಂದರೂ ಬಂದು ಹೇಳುತ್ತೇನೆ. ಸಹಿ ಹಾಕುತ್ತೇನೆ. ನಿಮ್ಮ ತಾಯಿಯ ಮುಂದೆ ಮೊದಲು.

ಇಲ್ಲಿಯವರೆಗೆ ಬರೆದು ಭವ್ಯಳ ಕೈಗೆ ಕೊಟ್ಟೆ; ಮುಂದಿನದು ಊಟವಾದ ಮೇಲೆ ಬೇರೆ ಹಾಳೆಯಲ್ಲಿ ಬರೆದು ಸೇರಿಸಿದ್ದು. ನಾಳೆ ನಿಮಗೆ ತಲುಪಿಸಬೇಕಾದವಳು ಅವಳೇ. ಓದಿದಳು. ಬೈಯಲಿಲ್ಲ, ಅದನ್ನು ನಾನು ಉಪಕಾರದ ಲೆಕ್ಕಕ್ಕೆ ಸೇರಿಸಲಿಲ್ಲ. ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಊಟಕ್ಕೆ ತಟ್ಟೆ ತೆಗೆದುಕೊಂಡಳು. ಕೂರುವ ಮೊದಲು ಅದನ್ನು ಮಗುಚಿದಳು. ನಮ್ಮ ಮನೆಯ ತಟ್ಟೆಗಳಿಗೂ ಚುಕ್ಕಿ ಇದೆ. ಅದರ ಮೇಲೆ ಹೆಬ್ಬೆರಳಾಡಿಸಿ, ನನ್ನನ್ನು ನೋಡಿದಳು.

ಒಲೆಯ ಮೇಲೆ ಹಿತಕಿದಬೇಳೆ ಸಾರು ಕುದಿಯುತ್ತಿತ್ತು. ಎದ್ದು ಹೋಗಿ ಉಪ್ಪು ಹಾಕಿದೆ.