ಮಳವಳ್ಳಿಯ ಮುಂದೆ ಹಾಕಿದ ಸೊನ್ನೆ

ವಿಧಾನಸಭೆ ಸೇರುವ ದಿನ ಹತ್ತಿರ ಬಂತೆಂದರೆ ನಮ್ಮ ಜಿಲ್ಲಾ ಕಚೇರಿಯಲ್ಲಿ ಯಾರಿಗೂ ಊಟ ರುಚಿಸುವುದಿಲ್ಲ. ಅಲ್ಲಿ ಯಾರೋ ಸದಸ್ಯರು ಪ್ರಶ್ನೆ ಕೇಳುತ್ತಾರೆ, ಯಾರೋ ಮಂತ್ರಿಗಳು ಉತ್ತರ ಕೊಡುತ್ತಾರೆ. ಆ ಉತ್ತರವನ್ನು ಮಂಡ್ಯದಲ್ಲಿ ಕೂತು ಬರೆಯುವವನು ನನ್ನಂಥ ಗುಮಾಸ್ತ. ಬರೆದು ಬರೆದು ಸಾಕಾಗಿದೆ. ಟಿ.ವಿ. ಇಟ್ಟುಕೊಳ್ಳಲು ಲೈಸೆನ್ಸು ಬೇಕಿದ್ದ ಕಾಲದ ಒಂದು ಉತ್ತರ ನಮ್ಮ ಬೀರುವಿನಲ್ಲಿದೆ. ಲೈಸೆನ್ಸು ಹೋಗಿ ಯಾವ ಕಾಲವಾಯಿತೋ, ಆ ಉತ್ತರದ ಒಕ್ಕಣೆ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಪ್ರಶ್ನೆ ಯಾವುದೇ ಇರಲಿ, ಅದನ್ನೇ ಮುಂದಿಟ್ಟುಕೊಂಡು ಇಳಿಸುತ್ತೇವೆ.

ಹೋದ ವರ್ಷ ಬಂದ ಪ್ರಶ್ನೆ ಅಂಗಡಿ ಕಳವಿನದು. ಸೋಪು, ಬಿಸ್ಕತ್ತಿನಂಥ ಸಣ್ಣ ಸಾಮಾನು ಕದ್ದರೆಂದು ಹೂಡಿದ ಕೇಸುಗಳು ಯಾವ ತಾಲ್ಲೂಕಿನಲ್ಲಿ ಎಷ್ಟು ಬಾಕಿ ಇವೆ? ಸಂಜೆ ಐದರೊಳಗೆ ಬೆಂಗಳೂರಿಗೆ ಕಳಿಸಬೇಕಿತ್ತು. ಮಂಡ್ಯ, ಮದ್ದೂರಿನ ಅಂಕಿ ಬಂತು. ಮಳವಳ್ಳಿಗೆ ಎಷ್ಟು ಸಲ ಮಾಡಿದರೂ ಫೋನು ಹತ್ತಲಿಲ್ಲ. ಅಂಕಿ ಬಾರದ ಕಡೆ ಸೊನ್ನೆ ಹಾಕುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಖಾಲಿ ಬಿಟ್ಟರೆ ಕಾಗದ ವಾಪಸ್ಸು ಬರುತ್ತದೆ, ಸೊನ್ನೆ ಹಾಕಿದರೆ ಬರುವುದಿಲ್ಲ. ಹಾಕಿದೆ. ತಲೆ ಸಿಡಿಯುತ್ತಿತ್ತು, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು.

ಮಂಡ್ಯದ ಗುತ್ತಲು ಬಡಾವಣೆಯಲ್ಲಿರುವ ನಮ್ಮ ಮನೆಗೆ ದಿನಾ ಬೆಳಿಗ್ಗೆ ಹೂವು ಕೊಡುವ ಹೆಂಗಸೊಬ್ಬಳಿದ್ದಾಳೆ. ಕೆಲವು ವರ್ಷದ ಹಿಂದೆ ತವರಿಗೆ ಹೋದಾಗ ಮಳವಳ್ಳಿಯ ಒಂದು ಅಂಗಡಿಯಲ್ಲಿ ತಲೆಗೆ ಹಚ್ಚುವ ಎಣ್ಣೆಯ ಸೀಸೆ ಅವಳ ಬ್ಯಾಗಿನಲ್ಲಿ ಸಿಕ್ಕಿತ್ತು. ತೆಗೆದುಕೊಂಡದ್ದು ನಿಜ ಎಂದು ನನ್ನ ಹೆಂಡತಿಯ ಹತ್ತಿರ ಅವಳೇ ಒಪ್ಪಿದ್ದಳು. ಅಂದಿನಿಂದ ಮಳವಳ್ಳಿ ಕೋರ್ಟಿನಲ್ಲಿ ಕೇಸು, ವಾಯಿದೆ ಮೇಲೆ ವಾಯಿದೆ. ಕೋರ್ಟು ಹತ್ತಿದರೆ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಅವಳದು ಗೆಲ್ಲುವ ಸೋಲುವ ಹಂತಕ್ಕೂ ಬಂದಿರಲಿಲ್ಲ. ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಖಾಲಿಯಿತ್ತು. ಕೇಸು ಮುಗಿದರೆ ಅದು ತನಗೇ ಎಂದು ಆಸೆ ಕಟ್ಟಿಕೊಂಡಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಸೊನ್ನೆ ಹಾಕುವಾಗ ಮಾತ್ರ ಅವಳ ನೆನಪೇ ಬರಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಮೊಳ ಹೂವು ಹೆಚ್ಚಿಗೆ ತಂದಳು. ಮಂತ್ರಿಗಳ ಉತ್ತರ ಪೇಪರಿನಲ್ಲಿ ಅಚ್ಚಾಗಿತ್ತು, ಟೀ ಅಂಗಡಿಯಲ್ಲಿ ಯಾರೋ ಓದಿ ಹೇಳಿದ್ದರು.

“ಮಳವಳ್ಳೀಲಿ ಒಂದು ಕೇಸೂ ಇಲ್ವಂತೆ ಸಾ. ಸರ್ಕಾರ್ದೋರೇ ಯೋಳವ್ರೆ. ನಂದೂ ಮುಗೀತು ಬುಡಿ,” ಎಂದಳು.

ಹಾಗಲ್ಲ ಎನ್ನಬೇಕಿತ್ತು. ಎಂದಿದ್ದರೆ ಸೊನ್ನೆಯ ಕಥೆಯೂ ಹೊರಬೀಳುತ್ತಿತ್ತು. ಕಚೇರಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಆ ಹೇಡಿತನ ನೆನೆದರೆ ನನಗೆ ಇಂದಿಗೂ ಅಸಹ್ಯವಾಗುತ್ತದೆ.

ಮುಂದಿನ ವಾಯಿದೆಗೆ ಅವಳು ಹೋಗಲಿಲ್ಲ. ವಾರಂಟು ಹೊರಟಿತು. ಹಾಡಹಗಲೇ ಪೊಲೀಸಿನವರು ಅವಳ ಬಾಗಿಲಲ್ಲಿ ನಿಂತರು, ಬೀದಿಯವರೆಲ್ಲ ನೋಡಿದರು. ಯಾಕೆ ಬರಲಿಲ್ಲ ಎಂದು ಕೋರ್ಟಿನಲ್ಲಿ ಕೇಳಿದ್ದಕ್ಕೆ ಮಡಿಸಿಟ್ಟುಕೊಂಡಿದ್ದ ಪೇಪರು ತೆಗೆದು ತೋರಿಸಿದಳಂತೆ. ಅಲ್ಲಿದ್ದವರು ನಕ್ಕರಂತೆ. ಅಡುಗೆ ಕೆಲಸ ಇನ್ನೊಬ್ಬಳ ಪಾಲಾಯಿತು.

ಆ ವಾರ ನಮ್ಮ ಮನೆಗೆ ಹೂವು ಬರಲಿಲ್ಲ. ಎಂಟನೇ ದಿನ ಬಂದಳು. ನನಗೆ ತಡೆಯಲಾಗಲಿಲ್ಲ, ಬಾಗಿಲಲ್ಲೇ ಹೇಳಿಬಿಟ್ಟೆ. ಪೇಪರಿನಲ್ಲಿದ್ದ ಉತ್ತರ ಬರೆದವನು ನಾನೇ, ಅಂಕಿ ಬಾರದೆ ಸೊನ್ನೆ ಹಾಕಿದ್ದೆ ಎಂದೆ. ಬೈದರೆ ಬೈಯಲಿ, ಮನಸ್ಸಾದರೂ ಹಗುರಾಗಲಿ ಎಂದುಕೊಂಡಿದ್ದೆ.

ಅವಳು ಹೂವು ಅಳೆಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ನೀವಾ ಸಾ?” ಎಂದಳು. “ಯಾರೋ ತಿಳ್ದೋರು ಬರ್ದವ್ರೆ ಅಂತ ನಾನು ಅನ್ಕಂಡಿದ್ದೆ.”